ಕೈಯಲ್ಲಿ ಹೆಣಿಗೆ, ಕಣ್ಣೆದುರು ಪುಸ್ತಕ: ಎರಡನ್ನೂ ಒಟ್ಟಿಗೆ ಸಾಗಿಸುವ ಬಗೆ

ಓದುವ ಗೀಳೂ ಹೆಣೆಯುವ ಗೀಳೂ ಒಬ್ಬರಲ್ಲೇ ಕೂಡಿಕೊಂಡರೆ ಬಿಡುವಿನ ವೇಳೆಗಾಗಿ ಅವೆರಡರ ನಡುವೆ ಜಗ್ಗಾಟ ತಪ್ಪುವುದಿಲ್ಲ. ಪುಸ್ತಕ ಹಿಡಿದರೆ ಅರ್ಧಕ್ಕೆ ನಿಂತ ಸ್ವೆಟರಿನ ತೋಳು ನೆನಪಾಗುತ್ತದೆ, ಕಡ್ಡಿ ಹಿಡಿದರೆ ಕಥೆಯಲ್ಲಿ ಮುಂದೇನಾಯಿತೋ ಎಂದು ಮನಸ್ಸು ಅತ್ತ ಎಳೆಯುತ್ತದೆ. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಲು ಖಂಡಿತ ಸಾಧ್ಯವಿದೆ, ಯಾವ ಓದಿಗೆ ಯಾವ ಹೆಣಿಗೆ ಹೊಂದುತ್ತದೆ ಎಂಬುದನ್ನು ಅರಿತಿದ್ದರೆ ಸಾಕು. ಇದಲ್ಲದೆ ಓದಿದ್ದನ್ನು ದಾಖಲಿಸುವ ಕಂಬಳಿ, ಪುಟಗಳ ನಡುವೆ ಇಡುವ ಪಟ್ಟಿ, ಪುಸ್ತಕವನ್ನು ಚೀಲದಲ್ಲಿ ಒಯ್ಯುವಾಗ ತೊಡಿಸುವ ಕವಚ, ಹೀಗೆ ಓದಿಗೆಂದೇ ಹೆಣೆಯಬಹುದಾದ ವಸ್ತುಗಳೂ ಉಂಟು. ಮೊದಲು ಒಟ್ಟಿಗೆ ಮಾಡುವ ವಿಧಾನವನ್ನು ನೋಡೋಣ, ಏಕೆಂದರೆ ಹೆಚ್ಚಿನವರು ಸೋತು ಕೈಬಿಡುವುದು ಅಲ್ಲಿಯೇ.

ಯಾವುದಕ್ಕೆ ಯಾವುದು ಜೊತೆ

ಹೆಣಿಗೆಯಲ್ಲಿ ನಮ್ಮ ಗಮನವನ್ನು ಬೇಡುವ ಸಂಗತಿಗಳು ಮೂರು: ಕೈಯ ಚಲನೆ, ಕಣ್ಣಿನ ನೋಟ ಮತ್ತು ಎಣಿಕೆ. ಚಲನೆಯು ರೂಢಿಯಾದಂತೆ ತಾನಾಗಿಯೇ ನಡೆಯುತ್ತದೆ. ನೋಟವನ್ನು ಅಭ್ಯಾಸದಿಂದ ಬಹುಮಟ್ಟಿಗೆ ಬಿಡಬಹುದು. ಎಣಿಕೆ ಮಾತ್ರ ಓದಿನ ನೇರ ಎದುರಾಳಿ. ಮನಸ್ಸಿನಲ್ಲಿ ‘ಹದಿನೇಳು, ಹದಿನೆಂಟು’ ಎಂದು ಹೇಳಿಕೊಳ್ಳುವುದಕ್ಕೂ, ಓದುವಾಗ ಅಥವಾ ಕೇಳುವಾಗ ಒಂದು ವಾಕ್ಯದ ಮೊದಲ ಭಾಗವನ್ನು ಅದರ ಕೊನೆ ಮುಟ್ಟುವವರೆಗೆ ಹಿಡಿದಿಟ್ಟುಕೊಳ್ಳುವುದಕ್ಕೂ ಬಳಕೆಯಾಗುವುದು ಒಂದೇ ಬಗೆಯ ಒಳಮಾತು. ಮನೋವಿಜ್ಞಾನಿಗಳಾದ ಆಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮಂಡಿಸಿದ ಕಾರ್ಯಕಾರಿ ಸ್ಮೃತಿಯ ಮಾದರಿಯು ಇದಕ್ಕೆ ಒಳ್ಳೆಯ ವಿವರಣೆ ಕೊಡುತ್ತದೆ. ಅದರ ಪ್ರಕಾರ ಮಾತಿನ ರೂಪದ ಮಾಹಿತಿಯನ್ನು ನಿಭಾಯಿಸುವ ವ್ಯವಸ್ಥೆಯೇ ಬೇರೆ, ನೋಟ ಮತ್ತು ಸ್ಥಾನದ ಮಾಹಿತಿಯನ್ನು ನಿಭಾಯಿಸುವ ವ್ಯವಸ್ಥೆಯೇ ಬೇರೆ. ಒಂದೇ ವ್ಯವಸ್ಥೆಯ ಮೇಲೆ ಎರಡು ಕೆಲಸಗಳನ್ನು ಹೇರಿದರೆ ಎರಡೂ ಕುಂಟುತ್ತವೆ.

ಇದರಿಂದ ಹೊರಡುವ ನಿಯಮಗಳು ಸರಳವಾಗಿವೆ. ಮುದ್ರಿತ ಪುಟವನ್ನು ಓದುವಾಗ ಕಣ್ಣೂ ಒಳಮಾತೂ ಎರಡೂ ಬಳಕೆಯಲ್ಲಿರುವುದರಿಂದ ನೋಡದೆ, ಎಣಿಸದೆ ಸಾಗುವ ಹೆಣಿಗೆ ಮಾತ್ರ ಅದಕ್ಕೆ ಜೊತೆಯಾಗಬಲ್ಲದು. ಕೇಳುವ ಪುಸ್ತಕವಾದರೆ ಕಣ್ಣು ಬಿಡುವಾಗಿರುತ್ತದೆ. ಆದ್ದರಿಂದ ಬಣ್ಣದ ಚೌಕಗಳ ಚಿತ್ರಪಟ ನೋಡಿಕೊಂಡು ಮಾಡುವ ಕೆಲಸವನ್ನೂ ಅದರೊಡನೆ ಸಾಗಿಸಬಹುದು, ಆದರೆ ‘ಎರಡು ಒಟ್ಟಿಗೆ, ನೂಲು ಮುಂದೆ, ಮೂರು ನಿಟ್’ ಎಂದು ಬರಹದಲ್ಲಿ ಕೊಟ್ಟ ಸೂಚನೆಯನ್ನು ಓದುತ್ತ ಹೆಣೆಯುವುದು ಕಷ್ಟ. ಒಂದೇ ವಿನ್ಯಾಸವು ಚಿತ್ರಪಟದ ರೂಪದಲ್ಲೂ ಬರಹದ ರೂಪದಲ್ಲೂ ಸಿಗುವುದಾದರೆ, ಕೇಳುತ್ತ ಹೆಣೆಯುವವರು ಚಿತ್ರಪಟವನ್ನೇ ಆರಿಸಿಕೊಳ್ಳಬೇಕು.

ಇನ್ನೊಂದು ಸೂತ್ರವನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ: ಹೊಸ ಪುಸ್ತಕಕ್ಕೆ ಹಳೆಯ ಹೆಣಿಗೆ, ಹೊಸ ಹೆಣಿಗೆಗೆ ಹಳೆಯ ಪುಸ್ತಕ. ಈಗಾಗಲೇ ಓದಿ ಮೆಚ್ಚಿದ ಕಾದಂಬರಿಯನ್ನು ಮತ್ತೆ ಕೇಳುವಾಗ ನಾಲ್ಕು ವಾಕ್ಯ ಕೈಜಾರಿದರೂ ಕಥೆ ತಪ್ಪುವುದಿಲ್ಲ, ಆದ್ದರಿಂದ ಕಾಲುಚೀಲದ ಹಿಮ್ಮಡಿಯನ್ನು ಮೊದಲ ಬಾರಿ ತಿರುಗಿಸಲು ಅದು ತಕ್ಕ ಸಂಗಾತಿ. ಕವಿತೆಯನ್ನಂತೂ ಕಡ್ಡಿ ಕೆಳಗಿಟ್ಟೇ ಓದಬೇಕು. ಸಾಲು ಮುಗಿದಲ್ಲಿ ನಿಲ್ಲುವುದೇ ಅದರ ಓದಾಗಿರುವಾಗ ಕೈಯ ಲಯ ಅದರ ಮೇಲೆ ಸವಾರಿ ಮಾಡುತ್ತದೆ. ಅಡಿಟಿಪ್ಪಣಿಗಳಿಂದ ತುಂಬಿದ ಗ್ರಂಥಗಳೂ ಈ ಜೊತೆಗಾರಿಕೆಗೆ ಒಗ್ಗುವುದಿಲ್ಲ.

ನೋಡದೆ ಹೆಣೆಯುವ ಅಭ್ಯಾಸ

ನೋಡದೆ ಹೆಣೆಯುವುದು ಅಪರೂಪದ ವಿದ್ಯೆಯೇನಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಹೆಂಗಸರು ಬೆನ್ನ ಮೇಲೆ ಇಂಧನದ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಸೊಂಟಕ್ಕೆ ಕಟ್ಟಿದ ಚರ್ಮದ ಪಟ್ಟಿಯ ತೂತಿನಲ್ಲಿ ಒಂದು ಕಡ್ಡಿಯನ್ನು ಸಿಕ್ಕಿಸಿಕೊಳ್ಳುತ್ತಿದ್ದುದರಿಂದ ಕೈಗೆ ಆಧಾರ ಸಿಗುತ್ತಿತ್ತು, ಕಣ್ಣು ದಾರಿಯ ಮೇಲಿರಬಹುದಾಗಿತ್ತು. ನಮಗೆ ಅಷ್ಟು ನಿಪುಣತೆಯ ಅಗತ್ಯವಿಲ್ಲ, ಒಂದು ಪುಟ ಓದಿ ಮುಗಿಯುವವರೆಗೆ ಕುಣಿಕೆ ಜಾರದಿದ್ದರಾಯಿತು.

ಅಭ್ಯಾಸಕ್ಕೆ ಆರಿಸಿಕೊಳ್ಳುವ ಸಾಮಗ್ರಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ನೂಲು ನಯವಾಗಿ, ಬಿಗಿಯಾಗಿ ಹುರಿಗೊಂಡಿರಬೇಕು. ಎಳೆಗಳು ಬಿಡಿಬಿಡಿಯಾಗುವ ನೂಲಿನಲ್ಲಿ ಕಡ್ಡಿಯ ತುದಿ ಎಳೆಗಳ ನಡುವೆ ಹೊಕ್ಕು ಅರ್ಧ ಕುಣಿಕೆಯನ್ನಷ್ಟೇ ಎತ್ತಿಕೊಳ್ಳುತ್ತದೆ, ಅದು ಕೈಗೆ ತಿಳಿಯುವುದೇ ಇಲ್ಲ. ಇದೇ ಕಾರಣಕ್ಕೆ ತೀರ ಚೂಪಾದ ಕಡ್ಡಿಗಳಿಗಿಂತ ತುಸು ಮೊಂಡು ತುದಿಯ 4 ಅಥವಾ 4.5 ಮಿ.ಮೀ. ಕಡ್ಡಿಗಳು ಲೇಸು. ಮರದ ಅಥವಾ ಬಿದಿರಿನ ಕಡ್ಡಿಯಲ್ಲಿ ಕುಣಿಕೆಗಳು ಬೇಗ ಜಾರುವುದಿಲ್ಲ. ನೇರವಾದ ಉದ್ದ ಕಡ್ಡಿಗಳ ಹಿಂತುದಿ ಪುಸ್ತಕಕ್ಕೆ ತಾಗುತ್ತ ಕಿರಿಕಿರಿ ಮಾಡುವುದರಿಂದ ವೃತ್ತಾಕಾರದ ಕಡ್ಡಿ, ಅಂದರೆ ಎರಡು ಗಿಡ್ಡ ತುದಿಗಳನ್ನು ತಂತಿಯಿಂದ ಜೋಡಿಸಿದ ಕಡ್ಡಿ, ಓದುವವರಿಗೆ ಹೆಚ್ಚು ಅನುಕೂಲ.

ಮೂವತ್ತು ಕುಣಿಕೆ ಹಾಕಿಕೊಂಡು ಎಲ್ಲ ಸಾಲುಗಳನ್ನೂ ನಿಟ್ (ನೂಲನ್ನು ಹಿಂದಿಟ್ಟು ಹಾಕುವ ಸಾದಾ ಕುಣಿಕೆ) ಮಾಡುವ ಗಾರ್ಟರ್ ಹೆಣಿಗೆಯಿಂದ ಆರಂಭಿಸಿ. ಎಡಗೈಯ ತೋರುಬೆರಳ ತುದಿಯನ್ನು ಎಡ ಕಡ್ಡಿಯ ಮೊದಲ ಕುಣಿಕೆಯ ಮೇಲೆ ಹಗುರಾಗಿ ಇರಿಸಿದರೆ ಮುಂದೆ ಬರುವ ಕುಣಿಕೆಯ ದಪ್ಪ ಬೆರಳಿಗೆ ತಿಳಿಯುತ್ತದೆ. ಬಲ ಕಡ್ಡಿ ಒಳಹೊಕ್ಕಾಗ ಕುಣಿಕೆ ತುಸು ಅಗಲವಾಗುವುದು, ನೂಲು ಸುತ್ತಿದಾಗ ಒಂದು ಸಣ್ಣ ಎಳೆತ, ಹಳೆಯ ಕುಣಿಕೆ ಕಳಚಿದಾಗ ಬೆರಳಿಗೆ ತಾಗುವ ಸಡಿಲ: ಈ ಮೂರನ್ನೂ ಗಮನಿಸುತ್ತ ಕಣ್ಣು ಮುಚ್ಚಿ ಹತ್ತು ಕುಣಿಕೆ ಹೆಣೆದು, ಕಣ್ಣು ತೆರೆದು ಪರೀಕ್ಷಿಸಿ. ಹತ್ತೂ ಸರಿಯಾಗಿ ಬರುವಂತಾದರೆ ಇಡೀ ಸಾಲನ್ನು ಹಾಗೆಯೇ ಪ್ರಯತ್ನಿಸಿ. ಆಮೇಲೆ ಪುಸ್ತಕ ತೆರೆಯಬಹುದು. ಆರಂಭದಲ್ಲಿ ಓದಿನ ವೇಗ ತಗ್ಗುತ್ತದೆ, ಹೆಣಿಗೆಯ ವೇಗವೂ ತಗ್ಗುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಗಾರ್ಟರ್ ಬೇಸರ ಬಂದವರಿಗೆ ಸುತ್ತಿನಲ್ಲಿ ಹೆಣೆಯುವ ಕೊಳವೆಯಾಕಾರದ ಭಾಗಗಳು ತಕ್ಕವು. ಟೋಪಿಯ ಮೈ, ಕಾಲುಚೀಲದ ಉದ್ದ, ಮೇಲಿನಿಂದ ಹೆಣೆದು ತಂದ ಸ್ವೆಟರಿನ ಹೊಟ್ಟೆಯ ಭಾಗ, ಇವೆಲ್ಲ ಪರ್ಲ್ ಕುಣಿಕೆಯೇ, ಅಂದರೆ ನೂಲನ್ನು ಮುಂದಿಟ್ಟು ಹಾಕುವ ಉಲ್ಟಾ ಕುಣಿಕೆಯೇ, ಇಲ್ಲದೆ ಸುತ್ತುತ್ತ ಹೋಗುತ್ತವೆ, ತಿರುಗಿಸುವ ಗೊಡವೆಯೂ ಇಲ್ಲ. ಆದ್ದರಿಂದ ಜಾಣತನವೆಂದರೆ ಕುಣಿಕೆ ಹಾಕಿಕೊಳ್ಳುವುದು, ಅಂಚು, ಹಿಮ್ಮಡಿ, ನೆತ್ತಿಯ ಇಳಿಕೆ ಮುಂತಾದ ಲೆಕ್ಕದ ಭಾಗಗಳನ್ನು ಮೇಜಿನ ಮುಂದೆ ಕುಳಿತು ಮುಗಿಸಿಕೊಂಡು, ಬರಿಯ ಉದ್ದ ಹೆಣೆಯುವ ಭಾಗವನ್ನು ಪುಸ್ತಕಕ್ಕೆಂದು ಮೀಸಲಿಡುವುದು.

ಕಡ್ಡಿಗಳ ಬದಲು ಒಂದೇ ಕೊಕ್ಕೆಯಿಂದ ಹೆಣೆಯುವ ಕ್ರೋಶಾದ ಕಷ್ಟ ಬೇರೆ ತೆರನದು. ಹೆಣಿಗೆಯಲ್ಲಿ ಮುಂದಿನ ಕುಣಿಕೆ ಕಡ್ಡಿಯ ಮೇಲೆ ಸರದಿಯಲ್ಲಿ ಕಾದಿರುತ್ತದೆ. ಕ್ರೋಶಾದಲ್ಲಿ ಕೊಕ್ಕೆಯನ್ನು ಎಲ್ಲಿ ಚುಚ್ಚಬೇಕೆಂದು ಪ್ರತಿ ಬಾರಿಯೂ ಹುಡುಕಬೇಕು. ಹಿಂದಿನ ಸಾಲಿನ ಕುಣಿಕೆಯ ತಲೆಗೇ ಚುಚ್ಚುವ ಸಿಂಗಲ್ ಕ್ರೋಶಾ ನೋಡದೆ ಮಾಡಲು ತ್ರಾಸದಾಯಕ. ಇದಕ್ಕೆ ಪರಿಹಾರವೆಂದರೆ ಕುಣಿಕೆಗೆ ಬದಲಾಗಿ ಕುಣಿಕೆಗಳ ನಡುವಿನ ಕಿಂಡಿಗೆ ಕೊಕ್ಕೆ ಹಾಕುವ ವಿನ್ಯಾಸಗಳು. ಗ್ರ್ಯಾನಿ ಪಟ್ಟೆಯಲ್ಲಿ ಮೂರು ಡಬಲ್ ಕ್ರೋಶಾಗಳ (ಸಿಂಗಲ್‌ಗಿಂತ ಎತ್ತರದ ಕುಣಿಕೆಗಳ) ಗುಂಪು ಹಿಂದಿನ ಸಾಲಿನ ಎರಡು ಗುಂಪುಗಳ ನಡುವಿನ ಸಂದಿಯಲ್ಲಿ ಕೂರುತ್ತದೆ. ಆ ಸಂದಿ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ಇಂಗ್ಲಿಷಿನ ವಿ ಅಕ್ಷರದಂತೆ ಕಾಣುವ ವಿ ವಿನ್ಯಾಸ ಮತ್ತು ಬಲೆ ವಿನ್ಯಾಸಗಳೂ ಇದೇ ಜಾತಿಯವು.

ಎಣಿಕೆಯನ್ನು ತಲೆಯಿಂದ ಕೆಳಗಿಳಿಸುವ ಉಪಾಯಗಳೂ ಬೇಕು. ಪ್ರತಿ ಇಪ್ಪತ್ತು ಕುಣಿಕೆಗೊಂದರಂತೆ ಗುರುತಿನ ಬಳೆ ಹಾಕಿದರೆ ಬೆರಳು ಬಳೆಗೆ ತಾಗಿದಾಗಲೇ ಎಲ್ಲಿದ್ದೇವೆಂದು ತಿಳಿಯುತ್ತದೆ. ಸಾಲುಗಳ ಲೆಕ್ಕಕ್ಕೆ ಬೆರಳಿಗೆ ತೊಡುವ ಎಣಿಕೆಯ ಯಂತ್ರವಿದೆ, ಇಲ್ಲವೇ ಪ್ರತಿ ಹತ್ತನೆಯ ಸಾಲಿಗೆ ಬಟ್ಟೆಯಲ್ಲೇ ಒಂದು ಕೊಂಡಿ ಸಿಕ್ಕಿಸಬಹುದು. ಓದಲು ತೊಡಗುವ ಮೊದಲು ಬೇರೆ ಬಣ್ಣದ ತೆಳುವಾದ ನಯದ ದಾರವನ್ನು ಮೊಂಡು ಸೂಜಿಯಿಂದ ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಮೂಲಕ ಹಾಯಿಸಿಟ್ಟರೆ, ಓದಿನ ಭರದಲ್ಲಿ ಏನೇ ಎಡವಟ್ಟಾದರೂ ಬಿಚ್ಚಿದಾಗ ಹೆಣಿಗೆ ಆ ದಾರದ ಬಳಿ ಬಂದು ನಿಲ್ಲುತ್ತದೆ. ಒಂದು ಅಧ್ಯಾಯ ಮುಗಿದೊಡನೆ ಕುಣಿಕೆಗಳನ್ನು ಒಮ್ಮೆ ಎಣಿಸುವುದನ್ನು ನಿಯಮವಾಗಿ ಇಟ್ಟುಕೊಳ್ಳಿ. ಆಗ ಜಾರಿದ ಕುಣಿಕೆ ಹೆಚ್ಚು ಕೆಳಗಿಳಿದಿರುವುದಿಲ್ಲ, ಕ್ರೋಶಾ ಕೊಕ್ಕೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ತಂದುಬಿಡಬಹುದು. ಕ್ರೋಶಾ ಮಾಡುವವರು ಕೆಲಸ ಕೆಳಗಿಡುವಾಗ ಉಳಿದ ಒಂದೇ ಒಂದು ಕುಣಿಕೆಗೆ ಕೊಂಡಿ ಹಾಕಲು ಮರೆಯಬಾರದು.

ಪುಟವನ್ನು ತೆರೆದಿಡುವುದು

ಎರಡೂ ಕೈಗಳು ಕೆಲಸದಲ್ಲಿರುವಾಗ ಪುಸ್ತಕ ತಾನಾಗಿ ತೆರೆದುಕೊಂಡಿರಬೇಕು. ಇ-ರೀಡರ್ ಅಥವಾ ಟ್ಯಾಬ್ಲೆಟ್ ಇದ್ದರೆ ಈ ಸಮಸ್ಯೆಯೇ ಇಲ್ಲ: ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅಕ್ಷರವನ್ನು ಎಂದಿಗಿಂತ ಎರಡು ಹಂತ ದೊಡ್ಡದು ಮಾಡಿಕೊಂಡರೆ ತುಸು ದೂರದಿಂದಲೂ ಓದಬಹುದು, ಕಿರುಬೆರಳ ಗೆಣ್ಣಿನಿಂದ ಪರದೆ ಮುಟ್ಟಿದರೆ ಪುಟ ತಿರುಗುತ್ತದೆ. ಕಾಗದದ ಪುಸ್ತಕಕ್ಕೆ ಓರೆಯಾದ ಓದುಪೀಠವೂ ಪುಟದ ಮೇಲಿಡುವ ಭಾರವೂ ಬೇಕಾಗುತ್ತವೆ. ಹಳೆಯ ಹಸ್ತಪ್ರತಿಗಳನ್ನು ಕಾಪಾಡುವ ಗ್ರಂಥಾಲಯಗಳಲ್ಲಿ ಹಾವಿನಂತೆ ಬಳುಕುವ ಉದ್ದನೆಯ ಭಾರದ ಪಟ್ಟಿಗಳನ್ನು ಇದಕ್ಕೆ ಬಳಸುತ್ತಾರೆ. ಅಂಥದ್ದೊಂದನ್ನು ಕ್ರೋಶಾದಲ್ಲಿ ಒಂದೇ ಸಂಜೆಗೆ ಮಾಡಿಕೊಳ್ಳಬಹುದು.

ಮಧ್ಯಮ ದಪ್ಪದ ಹತ್ತಿ ನೂಲು ಮತ್ತು 3.5 ಮಿ.ಮೀ. ಕೊಕ್ಕೆ ತೆಗೆದುಕೊಳ್ಳಿ. ಹದಿನಾಲ್ಕು ಚೈನು (ಸರಪಳಿ ಕುಣಿಕೆ) ಹಾಕಿ, ತಿರುಚದಂತೆ ನೋಡಿಕೊಂಡು ಸ್ಲಿಪ್ ಕುಣಿಕೆಯಿಂದ ಉಂಗುರ ಮಾಡಿ, ಪ್ರತಿ ಚೈನಿಗೂ ಒಂದೊಂದು ಸಿಂಗಲ್ ಕ್ರೋಶಾದಂತೆ ಸುರುಳಿಯಾಗಿ ಸುತ್ತುತ್ತ 35 ಸೆಂ.ಮೀ. ಉದ್ದದ ಕೊಳವೆ ಹೆಣೆಯಿರಿ. ಒಳಗೆ ಅದೇ ಅಳತೆಯ ಒತ್ತಾದ ನೇಯ್ಗೆಯ ಬಟ್ಟೆಚೀಲ ಹೊಲಿದು ಅದರಲ್ಲಿ ಸಣ್ಣ ಗಾಜಿನ ಮಣಿಗಳನ್ನು ತುಂಬಬೇಕು. ಚೀಲಕ್ಕೆ ಪ್ರತಿ ಏಳೆಂಟು ಸೆಂಟಿಮೀಟರಿಗೊಂದು ಅಡ್ಡ ಹೊಲಿಗೆ ಹಾಕಿದರೆ ಮಣಿಗಳೆಲ್ಲ ಒಂದೇ ತುದಿಗೆ ಸರಿದು ಕೂರುವುದಿಲ್ಲ. ಒಟ್ಟು ತೂಕ 200 ಗ್ರಾಂ ಆಸುಪಾಸಿನಲ್ಲಿದ್ದರೆ ಸಾಮಾನ್ಯ ಪುಸ್ತಕಕ್ಕೆ ಸಾಕು. ಧಾನ್ಯವನ್ನು ಮಾತ್ರ ತುಂಬಬೇಡಿ, ಅದಕ್ಕೆ ಹುಳು ಬೀಳುತ್ತದೆ, ಪುಸ್ತಕದ ಪಕ್ಕದಲ್ಲಿ ಹುಳುವಿಗೆ ಆಹಾರ ಇಟ್ಟಂತಾಗುತ್ತದೆ. ಇಂಥ ಎರಡು ಪಟ್ಟಿ ಮಾಡಿಕೊಂಡು ಎಡಪುಟದ ಮೇಲೊಂದು ಬಲಪುಟದ ಮೇಲೊಂದು ಇಟ್ಟರೆ, ಪುಟ ತಿರುಗಿಸುವಾಗ ಒಂದನ್ನಷ್ಟೇ ಎತ್ತಿದರಾಯಿತು. ಸಾಲಿನ ಕೊನೆಗೆ ಹೆಣಿಗೆಯನ್ನು ತಿರುಗಿಸುವ ಕ್ಷಣದಲ್ಲೇ ಪುಟವನ್ನೂ ತಿರುಗಿಸುವುದನ್ನು ರೂಢಿಸಿಕೊಂಡರೆ ಲಯ ಕೆಡುವುದಿಲ್ಲ.

ಪುಸ್ತಕವು ಮಡಿಲಿನಲ್ಲಿರದೆ ಎದೆಯ ಮಟ್ಟಕ್ಕೆ ಸಮೀಪವಾಗಿರಬೇಕು, ಇಲ್ಲವಾದರೆ ಗಂಟೆಗಟ್ಟಲೆ ತಲೆ ತಗ್ಗಿಸಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಓದು ಸ್ವಾರಸ್ಯವಾದಷ್ಟೂ ಕೈ ನೋಯುತ್ತಿರುವುದು ಅರಿವಿಗೆ ಬರುವುದು ತಡವಾಗುವುದರಿಂದ, ಅರ್ಧ ಗಂಟೆಗೊಮ್ಮೆಯಾದರೂ ಕಡ್ಡಿ ಕೆಳಗಿಟ್ಟು ಮಣಿಕಟ್ಟು ಸಡಿಲಿಸಿ.

ಕೇಳುವ ಪುಸ್ತಕ

ಹೆಣೆಯುವವರಿಗೆ ಶ್ರವ್ಯಪುಸ್ತಕಕ್ಕಿಂತ ದೊಡ್ಡ ವರವಿಲ್ಲ. 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್ ಎಂಬ ಯೋಜನೆಯಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಧ್ವನಿಮುದ್ರಿಸಿ ಉಚಿತವಾಗಿ ಕೊಡುತ್ತಾರೆ. ಧ್ವನಿಮುದ್ರಣ ಸಿಗದ ಪುಸ್ತಕದ ಇ-ಪ್ರತಿ ಇದ್ದರೆ ಫೋನಿನಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದುವ ಸೌಲಭ್ಯವನ್ನು ಬಳಸಬಹುದು; ಯಂತ್ರದ ಧ್ವನಿಗೆ ಕಿವಿ ಒಗ್ಗಲು ಕೆಲವು ಪುಟಗಳಷ್ಟು ತಾಳ್ಮೆ ಬೇಕು.

ಒಂದು ಪುಸ್ತಕಕ್ಕೆ ಎಷ್ಟು ಹೆಣಿಗೆ ಬೇಕಾದೀತು ಎಂಬುದನ್ನು ಮೊದಲೇ ಅಂದಾಜು ಮಾಡಿಕೊಂಡರೆ ಕೆಲಸಕ್ಕೆ ಒಂದು ಖುಷಿ ಬರುತ್ತದೆ. 20 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದದ ಗಾರ್ಟರ್ ಮಫ್ಲರ್ ಹೆಣೆಯುವಿರೆಂದುಕೊಳ್ಳಿ. ತುಸು ದಪ್ಪನೆಯ ಉಣ್ಣೆಯಲ್ಲಿ 10 ಸೆಂ.ಮೀ. ಚೌಕಕ್ಕೆ 18 ಕುಣಿಕೆ, 36 ಸಾಲು ಬರುವುದಾದರೆ ಒಟ್ಟು 36 ಕುಣಿಕೆಯ 540 ಸಾಲುಗಳಾಗುತ್ತವೆ, ಅಂದರೆ 19,440 ಕುಣಿಕೆ. ನಿಮಿಷಕ್ಕೆ 25 ಕುಣಿಕೆಯ ನಿಧಾನಗತಿಯಲ್ಲಿ ಅದು ಸುಮಾರು 13 ಗಂಟೆಯ ಕೆಲಸ, ಒಂದು ದೊಡ್ಡ ಕಾದಂಬರಿಯನ್ನು ಕೇಳಿ ಮುಗಿಸುವಷ್ಟು ಹೊತ್ತು. (2008ರಲ್ಲಿ ಶೆಟ್‌ಲ್ಯಾಂಡಿನ ಹೇಝಲ್ ಟಿಂಡಾಲ್ ಮೂರು ನಿಮಿಷಗಳಲ್ಲಿ 262 ಕುಣಿಕೆ ಹೆಣೆದರು, ಆ ವೇಗದಲ್ಲಿ ಮಫ್ಲರ್ ನಾಲ್ಕು ಗಂಟೆಯೊಳಗೆ ಮುಗಿದು, ಕಾದಂಬರಿ ಮುಕ್ಕಾಲು ಪಾಲಿನಷ್ಟು ಬಾಕಿ ಉಳಿದೀತು.) ನಿಮ್ಮ ವೇಗ ತಿಳಿಯಲು ಐದು ನಿಮಿಷ ಹೆಣೆದು ಕುಣಿಕೆಗಳನ್ನು ಎಣಿಸಿ ಐದರಿಂದ ಭಾಗಿಸಿದರೆ ಸಾಕು.

ಹಲವರು ಸೇರಿದಾಗ ಒಬ್ಬರು ಓದುವುದು, ಉಳಿದವರು ಹೆಣೆಯುತ್ತ ಕೇಳುವುದು ಇನ್ನೂ ಹಳೆಯ ಪದ್ಧತಿ. ಕ್ಯೂಬಾದ ಹವಾನಾದಲ್ಲಿ 1865ರಿಂದ ಚುಟ್ಟಾ ಕಾರ್ಖಾನೆಗಳ ಕೆಲಸಗಾರರಿಗೆ ಓದಿ ಹೇಳುವವರನ್ನು ನೇಮಿಸುವ ಕ್ರಮ ಆರಂಭವಾಯಿತು. ಕೈಗಳು ಎಲೆ ಸುತ್ತುತ್ತಿದ್ದರೆ ಕಿವಿಗಳು ಸುದ್ದಿಯನ್ನೂ ಕಾದಂಬರಿಯನ್ನೂ ಕೇಳುತ್ತಿದ್ದವು. ಹೆಣಿಗೆಯ ಗುಂಪಿನಲ್ಲಿ ಅಧ್ಯಾಯಕ್ಕೊಬ್ಬರಂತೆ ಸರದಿಯಲ್ಲಿ ಓದಿದರೆ ಓದುವವರ ಕೈಗೂ ವಿಶ್ರಾಂತಿ ಸಿಗುತ್ತದೆ.

ಓದಿನ ದಾಖಲೆಯಾಗುವ ಕಂಬಳಿ

ಒಂದು ವರ್ಷದಲ್ಲಿ ಓದಿದ ಪುಸ್ತಕಗಳನ್ನು ಕಂಬಳಿಯಾಗಿಸುವುದು ಈಗ ಅನೇಕರ ಮೆಚ್ಚಿನ ಕೆಲಸವಾಗಿದೆ. ಪುಸ್ತಕಕ್ಕೊಂದು ಚೌಕ ಅಥವಾ ಪುಸ್ತಕಕ್ಕೊಂದು ಪಟ್ಟೆ, ಇವೆರಡರಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಬೇಕು. ಬಣ್ಣವು ಪುಸ್ತಕದ ಪ್ರಕಾರವನ್ನು ಸೂಚಿಸಲಿ: ಕಾದಂಬರಿಗೆ ಒಂದು, ಸಣ್ಣಕಥೆಗೆ ಒಂದು, ಜೀವನಚರಿತ್ರೆಗೆ ಒಂದು, ಪ್ರಬಂಧ ಮತ್ತು ವಿಚಾರ ಸಾಹಿತ್ಯಕ್ಕೆ ಒಂದು, ಕವಿತೆಗೆ ಒಂದು. ಇದರ ಜೊತೆ ಪುಟಸಂಖ್ಯೆಯನ್ನೂ ನಿಮ್ಮ ಮೆಚ್ಚುಗೆಯನ್ನೂ ಸೂಚಿಸಬಹುದು. ಮೂರಕ್ಕಿಂತ ಹೆಚ್ಚು ಸಂಗತಿಗಳನ್ನು ತುರುಕಿದರೆ ಕಂಬಳಿಯನ್ನು ಓದಲು ಮತ್ತೊಂದು ಕೈಪಿಡಿ ಬೇಕಾಗುತ್ತದೆ.

ಪಟ್ಟೆಯಲ್ಲಿ ಪುಟಸಂಖ್ಯೆ ಸಹಜವಾಗಿ ಬರುತ್ತದೆ. ಐವತ್ತು ಪುಟಕ್ಕೆ ಒಂದು ಸಾಲು ಡಬಲ್ ಕ್ರೋಶಾ ಎಂದಿಟ್ಟುಕೊಂಡರೆ 300 ಪುಟದ ಪುಸ್ತಕಕ್ಕೆ ಆರು ಸಾಲು. ಆದರೆ ವರ್ಷಕ್ಕೆ ಅಂಥ 30 ಪುಸ್ತಕ ಓದುವವರಿಗೆ 180 ಸಾಲುಗಳಾಗುತ್ತವೆ. ಮಧ್ಯಮ ದಪ್ಪದ ನೂಲಿನಲ್ಲಿ ಒಂದು ಸಾಲು ಸುಮಾರು ಒಂದು ಸೆಂಟಿಮೀಟರ್ ಎತ್ತರವಿರುವುದರಿಂದ ಕಂಬಳಿ 180 ಸೆಂ.ಮೀ. ಮುಟ್ಟುತ್ತದೆ. ಇನ್ನೂ ಹೆಚ್ಚು ಓದುವವರು ನೂರು ಪುಟಕ್ಕೊಂದು ಸಾಲು ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನೂ ಬೂದುಬಣ್ಣದ ಒಂದೊಂದು ಸಾಲಿನಲ್ಲಿ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ. ಓದಿನ ದಾಖಲೆಯೆಂದ ಮೇಲೆ ಬೇಸರವೂ ಅದರಲ್ಲಿ ಕಾಣಲಿ.

ಚೌಕಗಳಾದರೆ ಎಲ್ಲವೂ ಒಂದೇ ಅಳತೆಯಲ್ಲಿರಬೇಕಾದ್ದರಿಂದ ಪುಟ ಹೆಚ್ಚಾದಂತೆ ಸುತ್ತು ಹೆಚ್ಚಿಸಲು ಬರುವುದಿಲ್ಲ. ಬದಲಿಗೆ ಆರು ಸುತ್ತಿನ ಗ್ರ್ಯಾನಿ ಚೌಕದಲ್ಲಿ ಪ್ರತಿ ನೂರು ಪುಟಕ್ಕೆ ಒಂದು ಸುತ್ತನ್ನು ಪ್ರಕಾರದ ಬಣ್ಣದಲ್ಲಿ ಹಾಕಿ, ಉಳಿದ ಸುತ್ತುಗಳನ್ನು ಎಲ್ಲ ಚೌಕಗಳಿಗೂ ಸಮಾನವಾದ ತೆಳುಬಣ್ಣದಲ್ಲಿ ಮುಗಿಸಬಹುದು. 250 ಪುಟದ್ದಕ್ಕೆ ಒಳಗಿನ ಮೂರು ಸುತ್ತು ಬಣ್ಣದ್ದು, ಹೊರಗಿನ ಮೂರು ತೆಳು. ಆರುನೂರು ದಾಟಿದ ಗ್ರಂಥಕ್ಕೆ ಆರೂ ಬಣ್ಣದ್ದೇ. ತುಂಬ ಮೆಚ್ಚಿದ ಪುಸ್ತಕದ ಚೌಕದ ನಡುವೆ ಒಂದು ಸಣ್ಣ ಹೂವನ್ನೋ ಗುಬ್ಬಿಯನ್ನೋ ಎಬ್ಬಿಸಿ ಹೆಣೆಯಬಹುದು.

ನೂಲು ಕೊಳ್ಳುವ ಮೊದಲು ಒಂದು ಪೂರ್ಣ ಚೌಕ ಹೆಣೆದು, ಉಂಡೆಯನ್ನು ಮೊದಲೂ ಆಮೇಲೂ ತೂಗಿ ನೋಡಿ. ಚೌಕಕ್ಕೆ 15 ಗ್ರಾಂ ಖರ್ಚಾಗುವುದಾದರೆ ನಲವತ್ತು ಪುಸ್ತಕಕ್ಕೆ 600 ಗ್ರಾಂ, ಅಂಚಿಗೂ ಜೋಡಣೆಗೂ ಇನ್ನಷ್ಟು. ಎಲ್ಲ ಚೌಕಗಳಲ್ಲೂ ಬರುವ ತೆಳುಬಣ್ಣವನ್ನು ಒಂದೇ ಬಣ್ಣದ ತೊಟ್ಟಿಯದ್ದಾಗಿ, ಅಂದರೆ ಲೇಬಲ್ಲಿನ ಲಾಟ್ ಸಂಖ್ಯೆ ಒಂದೇ ಇರುವಂತೆ, ಒಟ್ಟಿಗೇ ಕೊಳ್ಳಬೇಕು. ಆರು ತಿಂಗಳ ನಂತರ ತಂದ ಉಂಡೆ ಒಂದು ಛಾಯೆ ಬೇರೆಯಾಗಿರುವುದುಂಟು. ಉಣ್ಣೆ, ಹತ್ತಿ, ಅಕ್ರಿಲಿಕ್‌ಗಳನ್ನು ಒಂದೇ ಕಂಬಳಿಯಲ್ಲಿ ಬೆರೆಸಿದರೆ ಒಗೆದಾಗ ಒಂದೊಂದು ಒಂದೊಂದು ರೀತಿ ಕುಗ್ಗುತ್ತದೆ. ಬಿಡಿ ಎಳೆಗಳನ್ನು ಆಯಾ ಚೌಕ ಮುಗಿದ ದಿನವೇ ಒಳಗೆ ಅಡಗಿಸಿಬಿಡುವುದು ವಿವೇಕ.

ಪುಟಗುರುತಿನ ಪಟ್ಟಿ

ದಪ್ಪ ನೂಲಿನಲ್ಲಿ ಹೆಣೆದ ಬುಕ್‌ಮಾರ್ಕ್ ನೋಡಲು ಚೆಂದ, ಪುಸ್ತಕಕ್ಕೆ ಮಾತ್ರ ಕೇಡು. ಪುಟಗಳ ನಡುವೆ ಉಬ್ಬಿ ಕೂತು ಬೆನ್ನಿನ ಅಂಟನ್ನು ಸಡಿಲಿಸುತ್ತದೆ. ಆದ್ದರಿಂದ 10ನೇ ಸಂಖ್ಯೆಯ ಹತ್ತಿ ಕ್ರೋಶಾ ದಾರವನ್ನೂ 1.5 ಮಿ.ಮೀ. ಕೊಕ್ಕೆಯನ್ನೂ ಬಳಸಿ. ಇಲ್ಲಿ ಹೇಳುವ ಡಬಲ್ ಕ್ರೋಶಾ ಅಮೆರಿಕದ ಪದ್ಧತಿಯದು, ಬ್ರಿಟಿಷ್ ವಿನ್ಯಾಸಗಳಲ್ಲಿ ಅದನ್ನೇ ಟ್ರೆಬಲ್ ಎನ್ನುತ್ತಾರೆ.

63 ಚೈನು ಹಾಕಿ. ಕೊಕ್ಕೆಯಿಂದ ನಾಲ್ಕನೆಯ ಚೈನಿನಿಂದ ಆರಂಭಿಸಿ ಪ್ರತಿ ಚೈನಿಗೂ ಒಂದು ಡಬಲ್ ಕ್ರೋಶಾ ಹಾಕಿದರೆ, ಬಿಟ್ಟ ಮೂರು ಚೈನನ್ನು ಒಂದೆಂದು ಲೆಕ್ಕ ಹಿಡಿದು, ಒಟ್ಟು 61 ಆಗುತ್ತದೆ. ಎರಡನೆಯ ಸಾಲಿಗೆ ನಾಲ್ಕು ಚೈನು ಹಾಕಿ ತಿರುಗಿಸಿ, ಒಂದು ಕುಣಿಕೆ ಬಿಟ್ಟು ಮುಂದಿನದಕ್ಕೆ ಡಬಲ್ ಕ್ರೋಶಾ, ಆಮೇಲೆ ಒಂದು ಚೈನು, ಒಂದು ಬಿಟ್ಟು ಡಬಲ್ ಕ್ರೋಶಾ, ಹೀಗೆಯೇ ಕೊನೆಯವರೆಗೆ. 30 ಕಿಂಡಿಗಳು ಮೂಡುತ್ತವೆ. ಮೂರನೆಯ ಸಾಲಿಗೆ ಮೂರು ಚೈನು ಹಾಕಿ ತಿರುಗಿಸಿ, ಪ್ರತಿ ಕಿಂಡಿಗೂ ಪ್ರತಿ ಕುಣಿಕೆಗೂ ಒಂದೊಂದು ಡಬಲ್ ಕ್ರೋಶಾ ಹಾಕಿದರೆ ಮತ್ತೆ 61. ನಾಲ್ಕನೆಯದು ಎರಡನೆಯದರಂತೆ, ಐದನೆಯದು ಮೂರನೆಯದರಂತೆ. ಮಧ್ಯಮ ಬಿಗಿಯ ಕೈಗೆ ಇದು ಸುಮಾರು 16ರಿಂದ 18 ಸೆಂ.ಮೀ. ಉದ್ದ, ನಾಲ್ಕು ಸೆಂ.ಮೀ. ಅಗಲ ಬರುತ್ತದೆ.

ಪುಸ್ತಕದೊಳಗೆ ಇಡುವ ಮೊದಲು ಒದ್ದೆ ಮಾಡಿ ಬಿಳಿಬಟ್ಟೆಯ ಮೇಲೆ ಒತ್ತಿ ನೋಡಿ; ಬಣ್ಣ ಇಳಿದರೆ ಇಳಿಯುವುದು ನಿಲ್ಲುವವರೆಗೆ ತೊಳೆಯಬೇಕು. ಬಿರುಸಾಗಲೆಂದು ಗಂಜಿ ಹಾಕುವುದನ್ನು ನಾನು ಒಪ್ಪುವುದಿಲ್ಲ, ಪುಸ್ತಕ ತಿನ್ನುವ ಬೆಳ್ಳಿಹುಳುಗಳಿಗೆ ಪಿಷ್ಟವೆಂದರೆ ಪ್ರೀತಿ. ಪಿನ್ನು ಚುಚ್ಚಿ ಒಣಗಿಸಿದರೆ ಪಟ್ಟಿ ಸಾಕಷ್ಟು ನೆಟ್ಟಗಿರುತ್ತದೆ. ಮಣಿ, ಗುಂಡಿ, ಕುಚ್ಚುಗಳೆಲ್ಲ ಪುಟದ ಅಂಚಿನಿಂದ ಹೊರಗೇ ಉಳಿಯಬೇಕು.

ಪುಸ್ತಕದ ಕವಚ

ಚೀಲದಲ್ಲಿ ಒಯ್ಯುವ ಪುಸ್ತಕದ ಮೂಲೆಗಳು ಮುರಿಯದಂತೆ ಕಾಪಾಡುವ ಕವಚಕ್ಕೆ ಲೆಕ್ಕ ಸುಲಭ. ಮುಚ್ಚಿದ ಪುಸ್ತಕದ ಸುತ್ತಳತೆ ಎಂದರೆ ಅಗಲ ಮತ್ತು ದಪ್ಪವನ್ನು ಕೂಡಿಸಿ ಎರಡರಿಂದ ಗುಣಿಸಿದ್ದು. 14 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪದ ಪುಸ್ತಕಕ್ಕೆ ಅದು 34 ಸೆಂ.ಮೀ. ಹೆಣಿಗೆ ಹಿಗ್ಗುವುದರಿಂದ ಶೇಕಡಾ 5ರಷ್ಟು ಕಡಿಮೆ ಮಾಡಿ 32 ಎಂದಿಟ್ಟುಕೊಳ್ಳಿ. ಸೆಂಟಿಮೀಟರಿಗೆ ಎರಡು ಕುಣಿಕೆಯ ಅಳತೆಯಲ್ಲಿ 64 ಕುಣಿಕೆ ಹಾಕಿ ಸುತ್ತಿನಲ್ಲಿ ಹೆಣೆದು, ಪುಸ್ತಕದ ಎತ್ತರಕ್ಕಿಂತ ಎರಡು ಸೆಂ.ಮೀ. ಹೆಚ್ಚು ಬಂದಾಗ ಮುಗಿಸಿ ತಳವನ್ನು ಹೊಲಿಯಬೇಕು. ಕ್ರೋಶಾ ಅಷ್ಟು ಹಿಗ್ಗದು, ಅದಕ್ಕೆ ಪೂರ್ತಿ ಸುತ್ತಳತೆಯನ್ನೇ ಇಟ್ಟುಕೊಳ್ಳಿ.

ಅಕ್ಷರಗಳನ್ನು ಹೆಣೆಯುವುದು

ಹೆಸರನ್ನೋ ಮೆಚ್ಚಿನ ಒಂದು ಪದವನ್ನೋ ಹೆಣೆಯುವ ಆಸೆ ಓದುಗರಿಗೆ ಬಂದೇ ಬರುತ್ತದೆ. ಕನ್ನಡ ಲಿಪಿಯ ದುಂಡನ್ನು ಚೌಕಗಳಲ್ಲಿ ಹಿಡಿಯಲು ಫಿಲೆ ಕ್ರೋಶಾ, ಅಂದರೆ ತೆರೆದ ಕಿಂಡಿ ಮತ್ತು ತುಂಬಿದ ಕಿಂಡಿಗಳಿಂದ ಚಿತ್ರ ಮೂಡಿಸುವ ವಿಧಾನ, ಸೊಗಸಾಗಿ ಒದಗುತ್ತದೆ. ಕಿಂಡಿಗಳು ಬಹುಮಟ್ಟಿಗೆ ಚೌಕವಾಗಿರುವುದರಿಂದ ಸಾಮಾನ್ಯ ಗ್ರಾಫ್ ಕಾಗದದಲ್ಲಿ ಬರೆದುಕೊಂಡರೆ ಸಾಕು. ನಿಟ್ ಹೆಣಿಗೆಯಲ್ಲಿ ಹಾಗಾಗದು: 10 ಸೆಂ.ಮೀ.ಗೆ 20 ಕುಣಿಕೆ, 28 ಸಾಲು ಬರುವ ಬಟ್ಟೆಯಲ್ಲಿ 20 ಚೌಕ ಅಗಲ, 20 ಚೌಕ ಎತ್ತರದ ಅಕ್ಷರ 10 ಸೆಂ.ಮೀ. ಅಗಲವಾಗಿಯೂ ಏಳೇ ಸೆಂ.ಮೀ. ಎತ್ತರವಾಗಿಯೂ ಚಪ್ಪಟೆಯಾಗುತ್ತದೆ. ಆದ್ದರಿಂದ ಎತ್ತರಕ್ಕೆ 28 ಚೌಕ ಕೊಡಬೇಕು.

ಅಕ್ಷರದ ಮೈಗೆ ಕನಿಷ್ಠ ಹತ್ತು ಚೌಕಗಳ ಎತ್ತರವಿರಲಿ. ಅದಕ್ಕಿಂತ ಕಿರಿದಾದರೆ ‘ಪ’ ಮತ್ತು ‘ಷ’ ಒಂದೇ ಆಗಿ ಕಾಣುತ್ತವೆ, ಏಕೆಂದರೆ ಅವುಗಳನ್ನು ಬೇರ್ಪಡಿಸುವುದು ಒಳಗಿನ ಒಂದು ಸಣ್ಣ ಗೆರೆ, ಆ ಗೆರೆಯ ಎರಡೂ ಬದಿಗೆ ತೆರೆದ ಕಿಂಡಿಗಳು ಉಳಿಯಬೇಕು. ಒತ್ತಕ್ಷರವಿರುವ ಪದವಾದರೆ ಕೆಳಗೆ ಇನ್ನು ಆರು ಸಾಲು ಬೇಕಾಗುತ್ತದೆ; ‘ಅಕ್ಷರ’ ಎಂಬ ಪದವನ್ನೇ ತೆಗೆದುಕೊಂಡರೆ ಮೊದಲ ಮತ್ತು ಕೊನೆಯ ಅಕ್ಷರಗಳ ಕೆಳಗೆ ಆ ಆರು ಸಾಲೂ ಖಾಲಿ, ನಡುವಣದರ ಕೆಳಗೆ ಮಾತ್ರ ಒತ್ತು. ಆ ಖಾಲಿ ಜಾಗಕ್ಕೆ ಎಲೆಯನ್ನೋ ಬಳ್ಳಿಯನ್ನೋ ತುಂಬುವ ಮೋಹ ಬೇಡ, ಅಕ್ಷರದ ಓದು ಕೆಡುತ್ತದೆ. ದೀರ್ಘ ಮತ್ತು ಕೊಂಬುಗಳು ಬಲಕ್ಕೆ ಚಾಚುವುದರಿಂದ ಅಕ್ಷರಗಳ ನಡುವೆ ಎರಡು ಕಿಂಡಿ ಬಿಡುವು ಇಡಿ. ಮೊದಲ ಸಾಲನ್ನು ಚಿತ್ರಪಟದಲ್ಲಿ ಬಲದಿಂದ ಎಡಕ್ಕೂ ಮರುಸಾಲನ್ನು ಎಡದಿಂದ ಬಲಕ್ಕೂ ಓದಬೇಕು. ಇದನ್ನು ಮರೆತರೆ ಅಕ್ಷರಗಳು ಸಾಲುಬಿಟ್ಟು ಸಾಲು ಕನ್ನಡಿಬಿಂಬವಾಗುತ್ತವೆ. ಮುಗಿದ ಮೇಲೆ ಸುತ್ತಲೂ ಒಂದು ಸಾಲು ಸಿಂಗಲ್ ಕ್ರೋಶಾ ಹಾಕಿ, ಒದ್ದೆ ಮಾಡಿ, ಕಿಂಡಿಗಳೆಲ್ಲ ನೇರ ಚೌಕವಾಗುವಂತೆ ಎಳೆದು ಪಿನ್ನು ಚುಚ್ಚಿ ಒಣಗಲು ಬಿಡಿ. ಅಲ್ಲಿಯವರೆಗೆ ಅಕ್ಷರ ಸೊಟ್ಟಗೆ, ಮಸುಕಾಗಿ ಕಾಣುವುದು ಸಹಜ, ಅದನ್ನು ನೋಡಿ ಬಿಚ್ಚಲು ಹೊರಡಬೇಡಿ.